ನಿಮ್ಮ ಲೇಖನ ಏಳನೇ ಪುಟದಲ್ಲಿದೆ

ನಮಸ್ಕಾರ.

ಅಮೆರಿಕದ ಅಂತರ್ಯುದ್ಧ ಯಾಕಾಯಿತು ಅಂತ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ. ಯಾಕೆಂದರೆ ಏಳನೇ ಪುಟದಲ್ಲಿ, ದಕ್ಷಿಣದ ಗುಲಾಮರ ಒಡೆಯರಿಗೆ ಕ್ಯೂಬಾ ಮೇಲೂ ಕಣ್ಣಿತ್ತು ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ.

ಮೊದಲ ಆರು ಪುಟಗಳ ಹತ್ತಿ ಹೊಲ, ಲಿಂಕನ್ ಬಾಲ್ಯ ಎಲ್ಲರಿಗೂ ಗೊತ್ತಿರುವುದೇ. ತೆಗೆದುಬಿಡಿ.

‘ದುರಾಸೆ’ ಎಂಬ ಪದ ಹನ್ನೊಂದು ಸಲ ಬಂದಿದೆ. ದುರಾಸೆ ಇತ್ತು, ನಿಜ. ಅದರ ಬದಲು ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಲೆಕ್ಕ ಹೇಳಿ. ಪ್ರತಿ ರಾಜ್ಯಕ್ಕೂ ಎರಡು ಸ್ಥಾನ. 1850ರಲ್ಲಿ ಕ್ಯಾಲಿಫೋರ್ನಿಯಾ ಸೇರಿದ ಮೇಲೆ ಗುಲಾಮಗಿರಿ ಇಲ್ಲದ ರಾಜ್ಯಗಳು 16, ಇರುವವು 15 ಆದವು. ದಕ್ಷಿಣಕ್ಕೆ ಹೊಸ ರಾಜ್ಯಗಳು ಬೇಕಿದ್ದವು. ಪಕ್ಕದ ಕ್ಯೂಬಾದಲ್ಲಿ ಕಬ್ಬಿನ ತೋಟಗಳೂ ಗುಲಾಮಗಿರಿಯೂ ಆಗಲೇ ಇದ್ದವು. ಈಗ ಓದುಗರಿಗೆ ಅರ್ಥವಾಗುತ್ತದೆ, ಅಲ್ವಾ?

1854ರಲ್ಲಿ ಬೆಲ್ಜಿಯಂನ ಓಸ್ಟೆಂಡ್‌ನಲ್ಲಿ ಅಮೆರಿಕದ ಮೂವರು ರಾಯಭಾರಿಗಳು ಸೇರಿದರು. ಸ್ಪೇನ್ ಆಳುತ್ತಿದ್ದ ಕ್ಯೂಬಾಗೆ 12 ಕೋಟಿ ಡಾಲರ್‌ವರೆಗೂ ಕೊಡೋಣ, ಸ್ಪೇನ್ ಒಪ್ಪದೆ ಅದರಿಂದ ನಮಗೆ ಅಪಾಯವಾದರೆ ಕಿತ್ತುಕೊಳ್ಳುವುದೂ ಸರಿಯೇ ಎಂದರು. ಅವರಲ್ಲಿ ಒಬ್ಬರಾದ ಬುಕಾನನ್ ಎರಡೇ ವರ್ಷದಲ್ಲಿ ಅಧ್ಯಕ್ಷ ಚುನಾವಣೆ ಗೆದ್ದರು. ಇದು ನಿಮ್ಮಲ್ಲಿ ಇಲ್ಲವೇ ಇಲ್ಲ.

ವಿಲಿಯಂ ವಾಕರ್‌ನನ್ನು ‘ಹುಚ್ಚ’ ಎಂದು ಕರೆದು ಕೈತೊಳೆದುಕೊಂಡಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಕೂಲಿ ಪಡೆ ಕಟ್ಟಿಕೊಂಡು ಮಧ್ಯ ಅಮೆರಿಕದ ನಿಕರಾಗುವಾ ದೇಶಕ್ಕೆ ನುಗ್ಗಿದ ಅಮೆರಿಕದವನು ಅವನು. 1856ರಲ್ಲಿ ಅಲ್ಲಿನ ಅವನ ಹಿಡಿತದ ಸರ್ಕಾರಕ್ಕೆ ಅಮೆರಿಕದ ಅಧ್ಯಕ್ಷ ಪಿಯರ್ಸ್ ಮನ್ನಣೆ ಕೊಟ್ಟರು. ಅದೇ ವರ್ಷ ವಾಕರ್ ತಾನೇ ನಿಕರಾಗುವಾದ ಅಧ್ಯಕ್ಷನಾದ. 1824ರಲ್ಲೇ ರದ್ದಾಗಿದ್ದ ಗುಲಾಮಗಿರಿಯನ್ನು ಮತ್ತೆ ಕಾನೂನು ಮಾಡಿದ. ಅವನನ್ನು ಓಡಿಸಲು ಕೋಸ್ಟರಿಕಾದವರೂ ನೆರೆಯವರೂ ಪ್ರಾಣ ಕೊಟ್ಟರು. ಆ ಜನರ ಬಗ್ಗೆ ಎರಡು ಪ್ಯಾರಾ ಬರೆಯಿರಿ. ಸುಮ್ನೆ ಹೆಸರು ಹೇಳಿ ಮುಗಿಸಬೇಡಿ.

ಲೇಖನವನ್ನು 1860ರ ಡಿಸೆಂಬರ್‌ನಿಂದ ಶುರುಮಾಡಿ. ಯುದ್ಧ ತಪ್ಪಿಸಲು ಸೆನೆಟರ್ ಕ್ರಿಟೆಂಡನ್ ಒಂದು ರಾಜಿ ಸೂತ್ರ ತಂದರು. ನಕ್ಷೆಯ ಮೇಲೆ ಒಂದು ಗೆರೆ, ಅದರ ದಕ್ಷಿಣದ ಪ್ರದೇಶಗಳಲ್ಲಿ ಗುಲಾಮಗಿರಿಗೆ ರಕ್ಷಣೆ. ಈಗಿರುವ ಪ್ರದೇಶಗಳಿಗೆ ಮಾತ್ರವಲ್ಲ, ಮುಂದೆ ಸೇರಿಸಿಕೊಳ್ಳುವ ಪ್ರದೇಶಗಳಿಗೂ! ಆ ‘ಮುಂದೆ’ ಎಂಬ ಮಾತಿನೊಳಗೆ ಕ್ಯೂಬಾ ಇತ್ತು, ಮೆಕ್ಸಿಕೊ ಇತ್ತು. ಗುಲಾಮಗಿರಿ ಈಗಾಗಲೇ ಇದ್ದ ರಾಜ್ಯಗಳಲ್ಲಿ ಅದನ್ನು ಮುಟ್ಟುವುದಿಲ್ಲ ಎಂದಿದ್ದ, ಆಗಷ್ಟೇ ಅಧ್ಯಕ್ಷ ಚುನಾವಣೆ ಗೆದ್ದಿದ್ದ ಲಿಂಕನ್, ಹೊಸ ನೆಲಕ್ಕೆ ಹಬ್ಬಲು ಬಿಡಲಿಲ್ಲ. ಈಗ ಮಣಿದರೆ ದಕ್ಷಿಣದವರು ವರ್ಷದೊಳಗೆ ಕ್ಯೂಬಾ ಕೇಳುತ್ತಾರೆ ಎಂದು 1861ರ ಜನವರಿಯಲ್ಲಿ ಪತ್ರ ಬರೆದರು.

ಆ ಪತ್ರವನ್ನು ಹುಡುಕಿ ಪೂರ್ತಿ ಓದಿ. ಆಮೇಲೆ ಹೊಸದಾಗಿ ಬರೆಯಿರಿ, 1,200 ಪದ ಸಾಕು. ಬಂದ ಕೂಡಲೇ ಓದುತ್ತೇನೆ.