ಕೇಳಿ, ಹೇಳುತ್ತೇವೆ: ಕಮಾಂಡೊ ಪಡೆಗೆ ಬಂದೂಕೊಂದೇ ಸಾಲದು

ಪ್ರಶ್ನೆ: ಒತ್ತೆಯಾಳುಗಳನ್ನು ಬಿಡಿಸಲು ಪೊಲೀಸರಲ್ಲೇ ಬೇರೆ ಪಡೆ ಏಕೆ? ಇರುವವರಿಗೇ ಒಳ್ಳೆಯ ಬಂದೂಕು ಕೊಟ್ಟರೆ ಸಾಲದೆ?
– ಓದುಗರು, ಶಿವಮೊಗ್ಗ

ಉತ್ತರ: ಸಾಲದು. ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ, 1972ರ ಸೆಪ್ಟೆಂಬರ್ 5ರ ರಾತ್ರಿ, ಹೀಗೇ ನಂಬಿ ಕೆಟ್ಟರು. ಇಸ್ರೇಲಿ ತಂಡದವರನ್ನು ಹಿಡಿದಿಟ್ಟವರು 8 ಜನ. ವಿಮಾನ ಕೊಡುತ್ತೇವೆಂದು ನಂಬಿಸಿ ಅವರನ್ನು ಕರೆತಂದ ಫ್ಯುರ್ಸ್ಟನ್‌ಫೆಲ್ಡ್‌ಬ್ರುಕ್ ವಿಮಾನನೆಲೆಯಲ್ಲಿ ಹೊಂಚು ಹಾಕಿದ್ದ ಸ್ನೈಪರ್‌ಗಳು (ಮರೆಯಿಂದ ಗುರಿಯಿಟ್ಟು ಹೊಡೆಯುವವರು) ಐವರೇ. ಒಂದು ಗುರಿಗೆ ಇಬ್ಬರು ಎಂಬುದು ಈ ಕಸುಬಿನ ರೂಢಿ. ಒಬ್ಬನಿಗೆ ಕಂಬವೋ ಒತ್ತೆಯಾಳೋ ಅಡ್ಡ ಬಂದರೆ ಇನ್ನೊಬ್ಬನಿಗೆ ಗುರಿ ಕಾಣುತ್ತದೆ. ಅಲ್ಲಿದ್ದ ಐವರಿಗೂ ವಾಕಿಟಾಕಿ ಇರಲಿಲ್ಲ, ಕೋವಿಗೆ ದುರ್ಬೀನು ಇರಲಿಲ್ಲ. ವಾಕಿಟಾಕಿ ಇಲ್ಲದೆ ಎಲ್ಲರ ಮೊದಲ ಗುಂಡೂ ಒಟ್ಟಿಗೆ ಹಾರುವುದು ಹೇಗೆ? ಬದುಕಿ ಉಳಿದ ಹಂತಕನಿಗೆ ಒತ್ತೆಯಾಳುಗಳ ಕಡೆ ತಿರುಗಲು ಎರಡು ಸೆಕೆಂಡು ಸಾಕು. ಆ ವಿಮಾನದಲ್ಲಿ ಸಿಬ್ಬಂದಿಯ ವೇಷ ಹಾಕಿ ಕೂತಿದ್ದ ಪೊಲೀಸರು ಕೊನೇ ಗಳಿಗೆಯಲ್ಲಿ ತಮ್ಮತಮ್ಮಲ್ಲೇ ತೀರ್ಮಾನಿಸಿ ಇಳಿದು ಹೋದರು. ಅವರನ್ನು ಬೈಯುವುದು ಸುಲಭ. ಆದರೆ ಆ ಕೆಲಸಕ್ಕೆ ಅವರಿಗೆ ತರಬೇತಿಯೇ ಆಗಿರಲಿಲ್ಲ. ಕವಚದ ವಾಹನಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವು. ಒಟ್ಟು 11 ಇಸ್ರೇಲಿಗಳೂ ಒಬ್ಬ ಜರ್ಮನ್ ಪೊಲೀಸನೂ ಸತ್ತರು.

ದೇಶದೊಳಗೆ ಸೇನೆಯನ್ನು ಬಳಸಲು ಪಶ್ಚಿಮ ಜರ್ಮನಿಯ ಸಂವಿಧಾನ ಬಿಗಿ ಮಿತಿ ಹಾಕಿತ್ತು. ಹಾಗಾಗಿ ಅದೇ ತಿಂಗಳು ಗಡಿ ಪೊಲೀಸರಲ್ಲೇ ಜಿಎಸ್‌ಜಿ 9 (ಜರ್ಮನ್‌ನಲ್ಲಿ ‘ಗಡಿ ರಕ್ಷಣಾ ತುಕಡಿ 9’) ಎಂಬ ಕಮಾಂಡೊ ಪಡೆ ಹುಟ್ಟಿತು. ಆಗಲೇ 8 ಗಡಿ ತುಕಡಿಗಳಿದ್ದವು, ಇದು ಒಂಬತ್ತನೆಯದು. ಹೆಸರಿನ ಗುಟ್ಟು ಇಷ್ಟೇ. ಕಟ್ಟಿದವರು ಉಲ್ರಿಖ್ ವೆಗೆನರ್.

ಐದು ವರ್ಷದ ಅಭ್ಯಾಸದ ಫಲ 1977ರ ಅಕ್ಟೋಬರ್ 18ರಂದು ಸೊಮಾಲಿಯದ ಮೊಗದಿಶುವಿನಲ್ಲಿ ಕಂಡಿತು. ಅಪಹೃತವಾಗಿದ್ದ, ಜರ್ಮನಿಯ ಲುಫ್ತಾನ್ಸಾ ಸಂಸ್ಥೆಯ ಬೋಯಿಂಗ್ 737 ವಿಮಾನದ ಬಾಲದ ಕಡೆಯಿಂದ, ಒಳಗಿನವರಿಗೆ ಕಾಣದ ದಿಕ್ಕಿನಿಂದ, ಜಿಎಸ್‌ಜಿ 9ರವರು ಏಣಿ ಹೊತ್ತು ಸಾಗಿದರು. ವಿಮಾನದ ಮುಂದೆ ಸೊಮಾಲಿ ಸೈನಿಕರು ಬೆಂಕಿ ಹಾಕಿದರು. ಅಪಹರಣಕಾರರ ಕಣ್ಣು ಅತ್ತ ಹೋಯಿತು. ಬಾಗಿಲುಗಳನ್ನು ಒಟ್ಟಿಗೆ ತೆರೆದರು. ಒಂದೊಂದಾಗಿ ತೆರೆದಿದ್ದರೆ ಒಳಗಿದ್ದವರು ಎಚ್ಚೆತ್ತುಬಿಡುತ್ತಿದ್ದರು. ನುಗ್ಗುತ್ತಲೇ ಜರ್ಮನ್ ಭಾಷೆಯಲ್ಲಿ ‘ತಲೆ ಬಗ್ಗಿಸಿ’ ಎಂದು ಕೂಗಿದರು. ಬಗ್ಗಿದವರು ಪ್ರಯಾಣಿಕರು, ನಿಂತವರು ಗುರಿ. ವಿಮಾನದಲ್ಲಿದ್ದ 86 ಒತ್ತೆಯಾಳುಗಳೂ ಜೀವಂತ ಹೊರಬಂದರು. ಪೈಲಟ್‌ ಯುರ್ಗನ್ ಶೂಮನ್‌ರನ್ನು ಮಾತ್ರ ಅಪಹರಣಕಾರರು ಅದಕ್ಕೆ ಮೊದಲೇ ಕೊಂದಿದ್ದರು.

ಪ್ರಶ್ನೆ: ನಮ್ಮ ಎನ್‌ಎಸ್‌ಜಿಯೂ (ರಾಷ್ಟ್ರೀಯ ಭದ್ರತಾ ಪಡೆ) ಇಂಥದ್ದೇ? ಹಾಗಿದ್ದರೆ ಮುಂಬೈ ದಾಳಿಯ 26/11ರಂದು ತಡವಾದದ್ದೇಕೆ?
– ಓದುಗರು, ಹುಬ್ಬಳ್ಳಿ

ಉತ್ತರ: 1984ರಲ್ಲಿ ಎನ್‌ಎಸ್‌ಜಿ ಕಟ್ಟುವಾಗ ಬ್ರಿಟನ್ನಿನ ಸೇನೆಯ ಕಮಾಂಡೊ ಪಡೆ ಎಸ್‌ಎಎಸ್ ಮತ್ತು ಇದೇ ಜಿಎಸ್‌ಜಿ 9 ಮಾದರಿ. ಆದರೆ ನಮ್ಮಲ್ಲಿ ಒಳನುಗ್ಗುವ ತಂಡದವರು ಸೇನೆಯಿಂದ ಬರುತ್ತಾರೆ. 2008ರಲ್ಲಿ ತೊಡಕಾದದ್ದು ದೂರ: ಪಡೆ ಇದ್ದದ್ದು ಹರಿಯಾಣದ ಮಾನೇಸರದಲ್ಲಿ, ಸಾಗಿಸುವ ಐಎಲ್-76 ವಿಮಾನ ಚಂಡೀಗಢದಲ್ಲಿ. ರಾತ್ರಿ ಶುರುವಾದ ದಾಳಿಗೆ ಅವರು ಮುಂಬೈ ಮುಟ್ಟಿದ್ದು ಬೆಳಗಿನ ಜಾವ. ಅಲ್ಲಿಂದ ಬಸ್ಸು ಹತ್ತಬೇಕು, ದಾಳಿಗೊಳಗಾದ ಹೋಟೆಲಿನ ನಕ್ಷೆ ಹುಡುಕಬೇಕು. 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ನೆಲೆಗಳನ್ನು ತೆರೆದದ್ದು ಇದಕ್ಕೇ. ಅವರು ಬರುವ ತನಕ ಸ್ಥಳೀಯ ಪೊಲೀಸರ ಕೆಲಸ ಒಳನುಗ್ಗುವುದಲ್ಲ. ಸುತ್ತ ಬೇಲಿ ಹಾಕಿ, ಜನರನ್ನೂ ಟಿವಿ ಕ್ಯಾಮೆರಾಗಳನ್ನೂ ದೂರ ಇಟ್ಟು, ಕಟ್ಟಡದ ನಕ್ಷೆ ಮತ್ತು ಕೋಣೆಗಳ ಕೀಲಿ ಸಿದ್ಧ ಮಾಡುವುದು.