ಯುಪಿಐನಲ್ಲಿ ಹಣ ಕಳಿಸಿ ಫೋನ್ ಪರದೆ ತೋರಿಸಿದರೂ ಅಂಗಡಿಯವರು ಸೌಂಡ್‌ಬಾಕ್ಸ್ ಕೂಗಲಿ ಅಂತ ಕಾಯುವುದೇಕೆ?

ಗಿರಾಕಿಯ ಪರದೆಯನ್ನು ನಂಬುವಂತಿಲ್ಲ, ಹಣ ಬಂತೆಂದು ಹೇಳುವ ಆ ಡಬ್ಬದ ಕೂಗನ್ನು ಬಹುಮಟ್ಟಿಗೆ ನಂಬಬಹುದು, ಅದಕ್ಕೇ. ಹಸಿರು ಟಿಕ್ ತೋರಿಸುವ ನಕಲಿ ಆ್ಯಪ್‌ಗಳಿವೆ, ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಜಾಗ ಖಾಲಿ ಮಾಡುವವರೂ ಇದ್ದಾರೆ.

ಆ ಡಬ್ಬಕ್ಕೂ ನಿಮ್ಮ ಫೋನಿಗೂ ನೇರ ಸಂಬಂಧವೇ ಇಲ್ಲ. ಸಾಮಾನ್ಯವಾಗಿ ಅದರೊಳಗೆ ಅದರದೇ ಸಿಮ್ ಇರುತ್ತದೆ. ನೀವು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತುತ್ತೀರಿ. ಯುಪಿಐ ಜಾಲದಲ್ಲಿ ಪಾವತಿ ಯಶಸ್ವಿಯಾಯಿತು ಎಂದು ಖಚಿತವಾದ ಮೇಲೆ, ಆ ಕ್ಯೂಆರ್ ಕೊಟ್ಟ ಕಂಪನಿಯ ಸರ್ವರ್ ಡಬ್ಬಕ್ಕೆ ಸಂದೇಶ ಕಳಿಸುತ್ತದೆ. ನಡುವೆ ಗಿರಾಕಿ ಕೈಯಾಡಿಸಲು ಜಾಗವಿಲ್ಲ.

ಅಂಗಡಿಯವರು ಫೋನಿಗೆ ಬರುವ ಬ್ಯಾಂಕ್ ಮೆಸೇಜ್ ನೋಡಿಕೊಳ್ಳಬಹುದಲ್ಲ ಎನ್ನುವವರು ಹಬ್ಬದ ಹಿಂದಿನ ಸಂಜೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿ ಬರಬೇಕು. ಮಾರು ಲೆಕ್ಕದಲ್ಲಿ ಹೂ ಅಳೆದು ಕೊಡುವವರು ಪ್ರತಿ ಸಲ ಒದ್ದೆ ಕೈಯಲ್ಲಿ ಫೋನ್ ತೆಗೆದು ನೋಡುವುದು ಆಗುವ ಮಾತಲ್ಲ. ಮೊತ್ತವನ್ನು ಕನ್ನಡದಲ್ಲೇ ಹೇಳುವ ಡಬ್ಬವಿದ್ದರೆ ಕಿವಿ ಸಾಕು. ಹಾಗಾಗಿ ಬಾಡಿಗೆ ಕಟ್ಟಿಯಾದರೂ ಇಟ್ಟುಕೊಳ್ಳುತ್ತಾರೆ.

ಹಾಗಂತ ಡಬ್ಬ ಸುಮ್ಮನಿದ್ದರೆ ಹಣ ಬಂದಿಲ್ಲ ಎಂದೇ ಅರ್ಥವಲ್ಲ. ನೆಟ್‌ವರ್ಕ್ ಕೈಕೊಟ್ಟಿರಬಹುದು. ನೀವು ಅಂಗಡಿಯವರ ಸ್ವಂತ ನಂಬರಿಗೆ ಕಳಿಸಿದ್ದರೆ ಡಬ್ಬಕ್ಕೆ ಸುದ್ದಿ ಮುಟ್ಟದೆಯೂ ಇರಬಹುದು. ಯಾರೋ ಕ್ಯೂಆರ್ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗಿದ್ದರೂ ಅದು ಕೂಗುವುದಿಲ್ಲ. ಆಗ ಆ ಮೌನವೇ ಮೊದಲ ಸುಳಿವು. ಜಗಳಕ್ಕೆ ಮುನ್ನ ನಿಮ್ಮ ಆ್ಯಪ್‌ನಲ್ಲಿರುವ ಯುಟಿಆರ್, ಅಂದರೆ ಆ ಪಾವತಿಯ 12 ಅಂಕಿಯ ಗುರುತು, ಅಂಗಡಿಯವರ ಖಾತೆಯಲ್ಲಿ ಇದೆಯೇ ಎಂದು ನೋಡಲು ಹೇಳಿ.