ತುದಿ ಅಗಲ, ಮೊನೆ ಇಲ್ಲ: ಅಜ್ಜ ಈಶಾನ್ಯದಿಂದ ತಂದ ಈ ಕತ್ತಿ ಯಾವುದು?

ಅಜ್ಜನ ಈ ಕತ್ತಿ ಕೊಡಗಿನ ಒಡಿಕತ್ತಿ ಇರಬಹುದು ಎಂದು ನೀವು ಊಹಿಸಿದ್ದೀರಿ, ಆದರೆ ಅದಲ್ಲ. ಎರಡನ್ನೂ ಬೆನ್ನ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ ನಿಜ, ಆದರೆ ಒಡಿಕತ್ತಿಯ ಅಲಗು ಒಳಕ್ಕೆ ಬಾಗಿರುತ್ತದೆ. ನಿಮ್ಮದು ನೇರವಾಗಿದೆ. ಹಿಡಿಯ ಹತ್ತಿರ ಕಿರಿದು, ತುದಿಗೆ ಹೋದಂತೆ ಅಗಲ, ಕೊನೆಯಲ್ಲಿ ಕತ್ತರಿಸಿದಂತೆ ಚೌಕ. ಇದು ನಾಗಾ ಜನರ 'ದಾವ್'.

ಅಂಚನ್ನು ನೋಡಿ. ಒಂದು ಮಗ್ಗುಲಿಗೆ ಮಾತ್ರ ಸಾಣೆ ಹಿಡಿದು, ಇನ್ನೊಂದನ್ನು ಉಳಿಯ ಹಾಗೆ ಚಪ್ಪಟೆ ಬಿಟ್ಟಿದ್ದರೆ ಅನುಮಾನ ಇನ್ನೂ ಕಡಿಮೆಯಾಗುತ್ತದೆ. ಹಿಡಿಗೆ ಬೆತ್ತದ ಸುತ್ತು, ಒಂದು ಬದಿ ತೆರೆದ ಮರದ ಒರೆ ಕೂಡ ಇದರದ್ದೇ ಗುರುತು. ಗಡಿಯಾಚೆ ಮ್ಯಾನ್ಮಾರ್‌ನ ಕಾಚಿನ್ ಜನರಲ್ಲೂ ಇಂಥದ್ದೇ ಕತ್ತಿ ಇದೆ. ಹಾಗಾಗಿ ಅಜ್ಜ ಯಾವ ಊರಲ್ಲಿದ್ದರು ಅನ್ನೋದು ಮುಖ್ಯ.

ಇದನ್ನು ಬರೀ 'ತಲೆ ಕಡಿಯುವ ಆಯುಧ' ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಹಿಂದೆ ಕಾಳಗದಲ್ಲಿ ಆ ಬಳಕೆ ಖಂಡಿತ ಇತ್ತು. ನಾಗಾ ಬುಡಕಟ್ಟುಗಳಲ್ಲಿ ಒಂದಾದ ಕೊನ್ಯಾಕರಲ್ಲಿ ಅದು 20ನೇ ಶತಮಾನದಲ್ಲೂ ಉಳಿದಿತ್ತು. ಆದರೆ ದಾವ್ ಜಾಸ್ತಿ ದುಡಿದದ್ದು ಝೂಮ್ ಬೇಸಾಯಕ್ಕೆ (ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯ) ಕಾಡು ಸವರಲು, ಬಿದಿರು ಸೀಳಲು, ಮನೆ ಕಟ್ಟಲು, ಮಾಂಸ ಕತ್ತರಿಸಲು. ತೂಕವೆಲ್ಲ ತುದಿಯಲ್ಲಿರುವುದರಿಂದ ಏಟು ಬಲವಾಗಿ ಬೀಳುತ್ತದೆ. ಹಿಡಿಗೆ ಕೆಂಪು ಬಣ್ಣದ ಕೂದಲು ಕಟ್ಟಿದ್ದರೆ ಹಬ್ಬದ ಕುಣಿತಕ್ಕೆ ಸಿಂಗರಿಸಿದ್ದಿರಬಹುದು.

ದಯವಿಟ್ಟು ಮರಳುಕಾಗದದಲ್ಲಿ ಉಜ್ಜಬೇಡಿ. ತೆಳುವಾಗಿ ಎಣ್ಣೆ ಸವರಿ, ಒಣಗಿದ ಜಾಗದಲ್ಲಿಡಿ.